ಎಣಿಸಬೇಕಾದದ್ದು ವಯಸ್ಸನ್ನೋ, ನಿದ್ದೆಯನ್ನೋ?

ವಿಮಾನದ ಪೈಲಟ್ ಯಾವ ವಯಸ್ಸಿಗೆ ಕಾಕ್‌ಪಿಟ್ ಬಿಟ್ಟು ಇಳಿಯಬೇಕೆಂಬ ಹಳೆಯ ವಿವಾದ ಮತ್ತೆ ತಲೆಯೆತ್ತಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮಹಾಧಿವೇಶನದ ಮುಂದೆ, ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟವಾದ ಐಯಾಟಾ 65 ವರ್ಷದ ಮಿತಿಯನ್ನು 67ಕ್ಕೆ ಏರಿಸಬೇಕೆಂಬ ಪ್ರಸ್ತಾವ ಮಂಡಿಸಿತು. ಅಧಿವೇಶನ ಅದನ್ನು ಒಪ್ಪಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, ಆಗಸ್ಟ್‌ನಲ್ಲಿ, ಏರ್ ಇಂಡಿಯಾ ತನ್ನ ಪೈಲಟ್‌ಗಳು 65ರವರೆಗೆ ಸೇವೆಯಲ್ಲಿರಬಹುದೆಂದು ತೀರ್ಮಾನಿಸಿತ್ತು. ಮಾಂಟ್ರಿಯಲ್‌ನಲ್ಲಿ ಬಿದ್ದುಹೋದ ಪ್ರಸ್ತಾವ ಮತ್ತೆ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಏಕೆಂದರೆ ಅದನ್ನು ತಳ್ಳುತ್ತಿರುವುದು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಪೈಲಟ್‌ಗಳ ಕೊರತೆ.

ಈ ಮಿತಿಯ ಚರಿತ್ರೆಯನ್ನು ನೋಡಿದರೂ ಅಷ್ಟೇ. ಅಮೆರಿಕದಲ್ಲಿ 60ರ ಮಿತಿ ಪ್ರಕಟವಾದದ್ದು 1959ರ ಡಿಸೆಂಬರ್‌ನಲ್ಲಿ. ಜಾರಿಗೆ ಬಂದದ್ದು ಮರುವರ್ಷ ಮಾರ್ಚ್‌ನಲ್ಲಿ. ಜೆಟ್ ವಿಮಾನಗಳು ಆಗಷ್ಟೇ ಬಂದಿದ್ದವು. ಹಿರಿಯ ಪೈಲಟ್‌ಗಳಿಗೆ ಅವುಗಳಲ್ಲಿ ತರಬೇತಿ ಕೊಡುವುದು ದುಬಾರಿಯ ಕೆಲಸವೆನಿಸಿದ್ದ ಹೊತ್ತಿನಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್ ಅವರು ವಿಮಾನಯಾನ ನಿಯಂತ್ರಕರಾಗಿದ್ದ ಎಲ್‌ವುಡ್ ಕೆಸಾಡಾ ಅವರಿಗೆ ವಯೋಮಿತಿ ಬೇಕೆಂದು ಪತ್ರ ಬರೆದಿದ್ದರು. ಪೈಲಟ್‌ಗಳ ಸಂಘ ಅದನ್ನು ಮೊದಲು ವಿರೋಧಿಸಿತು, 1980ರಿಂದ ಬೆಂಬಲಿಸಿತು, 2007ರಲ್ಲಿ ಮತ್ತೆ ನಿಲುವು ಬದಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಮಿತಿ 65ಕ್ಕೆ ಏರಿತು. ಅಂದು ಹಿರಿಯರನ್ನು ಇಳಿಸಬೇಕೆಂದು ಕೇಳಿದವರೂ ಕಂಪನಿಯವರೇ, ಇಂದು ಉಳಿಸಿಕೊಳ್ಳಬೇಕೆಂದು ಕೇಳುತ್ತಿರುವವರೂ ಕಂಪನಿಯವರೇ. ಮನುಷ್ಯನ ಹೃದಯವೇನೂ ಈ ನಡುವೆ ಬದಲಾಗಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಅಚ್ಚರಿಯಲ್ಲ. ಕಡ್ಡಾಯ ನಿವೃತ್ತಿ ಏಕಿದೆ ಎಂಬ ಪ್ರಶ್ನೆಗೆ ಎಡ್ವರ್ಡ್ ಲೇಜಿಯರ್ 1979ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧ: ನೌಕರನಿಗೆ ಯೌವನದಲ್ಲಿ ದುಡಿಮೆಗಿಂತ ಕಡಿಮೆ, ವಯಸ್ಸಾದ ಮೇಲೆ ದುಡಿಮೆಗಿಂತ ಹೆಚ್ಚು ಸಂಬಳ ಕೊಡುವ ವ್ಯವಸ್ಥೆಯಲ್ಲಿ ಲೆಕ್ಕ ಮುಗಿಸಲು ಒಂದು ದಿನಾಂಕ ಬೇಕೇ ಬೇಕು. ಜ್ಯೇಷ್ಠತೆಯೇ ಸರ್ವಸ್ವವಾದ ಪೈಲಟ್ ವೃತ್ತಿಗೆ ಇದು ಚೆನ್ನಾಗಿ ಹೊಂದುತ್ತದೆ. ಮೇಲಿನ ಕ್ಯಾಪ್ಟನ್ ಎರಡು ವರ್ಷ ಹೆಚ್ಚು ಕುಳಿತರೆ ಕೆಳಗಿನ ಸಹ ಪೈಲಟ್ ಎರಡು ವರ್ಷ ಹೆಚ್ಚು ಕಾಯಬೇಕು. 2008ರಲ್ಲಿ ನಮ್ಮ ರಾಜ್ಯ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ಕಚೇರಿಗಳಲ್ಲಿ ನಡೆದದ್ದೂ ಇದೇ. ಬಡ್ತಿಯ ಸಾಲು ಎರಡು ವರ್ಷ ನಿಂತಲ್ಲೇ ನಿಂತಿತು. ನಿವೃತ್ತಿ ಉಪದಾನ, ಪಿಂಚಣಿಗಳ ಹೊರೆ ಮುಂದೂಡಲ್ಪಟ್ಟು ಖಜಾನೆಗೆ ಉಸಿರು ಬಂತು. ಭಾಷಣದಲ್ಲಿ ಮಾತ್ರ ಅನುಭವದ ಗುಣಗಾನ.

ಆದರೆ ಗುಮಾಸ್ತನ ಟಿಪ್ಪಣಿಯಲ್ಲಿ ತಪ್ಪಾದರೆ ಕಡತ ಹಿಂತಿರುಗುತ್ತದೆ; ವಿಮಾನ ಹಿಂತಿರುಗುವುದಿಲ್ಲ. ಹಾಗಾದರೆ ವಯಸ್ಸಿನ ಗೆರೆ ಸಮರ್ಥನೀಯವೇ?

ಹೊನವಾಡದಂತಹ ಊರಿನಲ್ಲಿ ಕುಳಿತು ನೋಡಿದರೆ ಇಲ್ಲೊಂದು ವೈಚಿತ್ರ್ಯ ಕಾಣುತ್ತದೆ. ಎಪ್ಪತ್ತು ದಾಟಿದ ರೈತ ದ್ರಾಕ್ಷಿ ಚಾಟ್ನಿಗೆ ಕತ್ತರಿ ಹಿಡಿದು ನಿಂತರೆ ಯಾರೂ ಆತನ ಜನ್ಮ ದಿನಾಂಕ ಕೇಳುವುದಿಲ್ಲ. ಅದಿರಲಿ. ಸಾರಿಗೆ ಸಂಸ್ಥೆಯ ಚಾಲಕ 60ಕ್ಕೆ ನಿವೃತ್ತನಾಗುತ್ತಾನೆ. ಮರುತಿಂಗಳೇ ಆತ ವಿಜಯಪುರದಿಂದ ಬೆಂಗಳೂರಿಗೆ ರಾತ್ರಿಯಿಡೀ ಐನೂರು ಕಿಲೋಮೀಟರಿಗೂ ಹೆಚ್ಚು ಓಡುವ ಖಾಸಗಿ ಸ್ಲೀಪರ್ ಬಸ್ಸಿನ ಸ್ಟೀರಿಂಗ್ ಹಿಡಿಯಬಹುದು. ಮೋಟಾರು ವಾಹನ ಕಾಯ್ದೆ ಸಾರಿಗೆ ವಾಹನ ಚಾಲಕನಿಗೆ ಕನಿಷ್ಠ 20 ವರ್ಷ ಎನ್ನುತ್ತದೆಯೇ ಹೊರತು ಗರಿಷ್ಠ ವಯಸ್ಸನ್ನು ಹೇಳುವುದಿಲ್ಲ. ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಣ, ಅದರೊಂದಿಗೊಂದು ವೈದ್ಯಕೀಯ ಪ್ರಮಾಣಪತ್ರ. ಆ ಪ್ರಮಾಣಪತ್ರ ಹೇಗೆ ಸಿಗುತ್ತದೆಂಬುದು ಎಲ್ಲರಿಗೂ ಗೊತ್ತಿರುವುದೇ. 2021ರಲ್ಲಿ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆಯಾದಂದಿನಿಂದ ನಮ್ಮ ಕಡೆಯೂ ವಿಮಾನದ ಮಾತು ಹೆಚ್ಚಿದೆ. ಬಸ್ಸಿನ ಮಾತು ಯಾರಿಗೂ ಬೇಡವಾಗಿದೆ.

ಪೈಲಟ್‌ಗಳ ತಪಾಸಣೆ ಅಷ್ಟು ಸಡಿಲವಲ್ಲ ಎಂಬುದನ್ನು ಒಪ್ಪಬೇಕು. 60 ದಾಟಿದವರಿಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ. ಸಿಮ್ಯುಲೇಟರ್ ಪರೀಕ್ಷೆ ಬೇರೆ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಶೇಕಡ 1ರ ಸೂತ್ರ' ಎಂಬುದೊಂದಿದೆ. ಮುಂದಿನ ಒಂದು ವರ್ಷದಲ್ಲಿ ಹಠಾತ್ತನೆ ಅಶಕ್ತನಾಗುವ ಸಂಭವ ಶೇಕಡ 1ಕ್ಕಿಂತ ಹೆಚ್ಚಿರದ ಪೈಲಟ್, ಇನ್ನೊಬ್ಬ ಪೈಲಟ್ ಪಕ್ಕದಲ್ಲಿದ್ದರೆ, ಹಾರಬಹುದು. ವರ್ಷಕ್ಕೆ 8,760 ಗಂಟೆ. ಅಂದರೆ ಯಾವುದೇ ಒಂದು ಗಂಟೆಯಲ್ಲಿ ಆ ಸಂಭವ ಹತ್ತು ಲಕ್ಷಕ್ಕೆ ಸುಮಾರು ಒಂದು. ಏರುವ ಮತ್ತು ಇಳಿಯುವ ನಿರ್ಣಾಯಕ ನಿಮಿಷಗಳಲ್ಲೇ ಅದು ಸಂಭವಿಸಿ, ಪಕ್ಕದವನೂ ವಿಮಾನವನ್ನು ಕೈಗೆ ತೆಗೆದುಕೊಳ್ಳಲಾಗದ ಸಂಭವ ಇನ್ನೂ ಬಹಳ ಕಡಿಮೆ. ಈ ಲೆಕ್ಕದಲ್ಲಿ 65ಕ್ಕಾಗಲಿ 67ಕ್ಕಾಗಲಿ ಪವಿತ್ರವಾದ ಸ್ಥಾನವೇನಿಲ್ಲ. ಜಪಾನ್ 2015ರಿಂದ 67 ವರ್ಷದವರಿಗೂ ಅವಕಾಶ ಕೊಟ್ಟಿದೆ. ಇತ್ತ 2023ರ ಆಗಸ್ಟ್‌ನಲ್ಲಿ ನಾಗಪುರದ ನಿಲ್ದಾಣದಲ್ಲಿ ವಿಮಾನ ಏರುವ ಮುನ್ನ ಕುಸಿದು ಮೃತಪಟ್ಟ ಪೈಲಟ್‌ಗೆ ಕೇವಲ 40 ವರ್ಷ. ಭಾರತೀಯರನ್ನು ಹೃದ್ರೋಗ ಪಾಶ್ಚಾತ್ಯರಿಗಿಂತ ಹಲವು ವರ್ಷ ಮೊದಲೇ ಬಾಧಿಸುತ್ತದೆ. ಆದ್ದರಿಂದ ಬೇರೆಯವರ ದೇಹಕ್ಕೆ ಒಪ್ಪುವ ಅಂಕಿ ನಮ್ಮವರಿಗೂ ಒಪ್ಪುತ್ತದೆಂದು ಭಾವಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಈ ಸೂತ್ರ ನಿಂತಿರುವುದೇ 'ಪಕ್ಕದವನ' ಮೇಲೆ. ಆ ಪಕ್ಕದವನ ಕುರಿತು ನಮ್ಮ ನೆಲದಲ್ಲೇ ಒಂದು ಪಾಠವಿದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಬದುಕುಳಿದವರು ಎಂಟೇ ಜನ. ಕ್ಯಾಪ್ಟನ್ ವಿದೇಶಿಯರು, ವಯಸ್ಸು 55. ಯಾವ ದೇಶದ ಮಿತಿಯನ್ನೂ ಅವರು ಮೀರಿರಲಿಲ್ಲ. ತನಿಖಾ ವರದಿ ಎತ್ತಿ ಹೇಳಿದ್ದು ನಿದ್ದೆಯ ಸಂಗತಿಯನ್ನು. ಹಾರಾಟದ ಬಹುಪಾಲು ಅವಧಿಯಲ್ಲಿ ನಿದ್ರಿಸಿದ್ದ ಕ್ಯಾಪ್ಟನ್, ಇಳಿಯುವ ಹೊತ್ತಿಗೆ ಎಚ್ಚತ್ತರೂ ಮಂಪರಿನಿಂದ ಹೊರಬಂದಿರಲಿಲ್ಲ. ಇಳಿಯಬೇಡಿ, ಮತ್ತೆ ಮೇಲಕ್ಕೇರಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಅವರು ಕೇಳಲಿಲ್ಲ. ಬಾಯಲ್ಲಿ ಹೇಳಿದ ಸಹ ಪೈಲಟ್, ನಿಯಂತ್ರಣವನ್ನು ಕಸಿದುಕೊಳ್ಳಲಿಲ್ಲ.

ಆ ಕೊನೆಯ ಅಂಶ ನನ್ನನ್ನು ಬಹಳ ಕಾಡುತ್ತದೆ. ಹಿರಿಯರಿಗೆ ಎದುರು ಮಾತಾಡಬಾರದೆಂದು ಕಲಿಸಿ ಬೆಳೆಸುವ ಸಮಾಜ ನಮ್ಮದು. ಮೇಲಧಿಕಾರಿ ತಪ್ಪು ಮಾಡುತ್ತಿದ್ದಾರೆಂದು ತಿಳಿದೂ 'ಆದೇಶಕ್ಕಾಗಿ ಮಂಡಿಸಿದೆ' ಎಂದಷ್ಟೇ ಬರೆದು ಕೈತೊಳೆದುಕೊಂಡ ಕಿರಿಯರನ್ನು ಸರ್ಕಾರಿ ಸೇವೆಯಲ್ಲಿ ಎಷ್ಟೋ ಮಂದಿಯನ್ನು ಕಂಡಿದ್ದೇನೆ. 67ರ ಕ್ಯಾಪ್ಟನ್ ಪಕ್ಕದಲ್ಲಿ 24ರ ಸಹ ಪೈಲಟ್‌ನನ್ನು ಕೂರಿಸಿದರೆ ಅಲ್ಲಿರುವುದು ತಾತ ಮತ್ತು ಮೊಮ್ಮಗ. ಅದೂ ಈ ಮೊಮ್ಮಗ ಅರ್ಧ ಕೋಟಿ ರೂಪಾಯಿಗೂ ಹೆಚ್ಚು ಸಾಲ ಮಾಡಿಯೋ, ಅಪ್ಪನ ಹೊಲ ಮಾರಿಸಿಯೋ ಪರವಾನಗಿ ಪಡೆದವನಾಗಿದ್ದರೆ, ಕೆಲಸ ಹೋಗುವ ಭಯದ ಮುಂದೆ ಅವನ ಕೈ ಎಷ್ಟು ಬೇಗ ಮುಂದೆ ಬಂದೀತು? ವೈದ್ಯಕೀಯ ಲೆಕ್ಕಾಚಾರ ಇದನ್ನು ಗಣಿಸುವುದಿಲ್ಲ.

ಇನ್ನು ಕೊರತೆಯ ವಾದ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿತು. ಹೊಸ ಕಂಪನಿಗಳು ಒಂದರ ಹಿಂದೊಂದು ಬಂದಾಗ ಕ್ಯಾಪ್ಟನ್‌ಗಳು ಸಾಲದೆ ವಿದೇಶಿಯರನ್ನು ಕರೆಸಬೇಕಾಯಿತು. ಅಂದಿನ ಕೊರತೆ ಅನಿರೀಕ್ಷಿತವೆಂದು ಒಪ್ಪೋಣ. ಆದರೆ 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದುಪಡಿಸಿದ್ದು ಅನಿರೀಕ್ಷಿತವೇ? ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ, ರಾತ್ರಿಯಲ್ಲಿ ವಿಮಾನ ಇಳಿಸುವ ಸರದಿಯನ್ನು ಆರರಿಂದ ಎರಡಕ್ಕೆ ತಗ್ಗಿಸುವ ನಿಯಮಗಳು 2024ರ ಜನವರಿಯಲ್ಲೇ ಪ್ರಕಟವಾಗಿದ್ದವು. ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಯೋಜನೆಯಲ್ಲಿ ಎಡವಿದ್ದನ್ನು ಕಂಪನಿಯೇ ಒಪ್ಪಿಕೊಂಡಿತು. ಕೊನೆಗೆ ಡಿಜಿಸಿಎ ರಾತ್ರಿ ಕರ್ತವ್ಯದ ನಿಯಮಗಳಿಂದ ಅದಕ್ಕೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಪ್ರಯಾಣಿಕರ ಪರದಾಟ ಕಂಡ ಅನೇಕರಿಗೆ ಆ ವಿನಾಯಿತಿ ತಪ್ಪೆನಿಸಲಿಲ್ಲ; ಅದೇ ಅಪಾಯಕಾರಿ. ಕೊರತೆಯ ಹೆಸರಿನಲ್ಲಿ ನಿದ್ದೆಯನ್ನು ಕಡಿತಗೊಳಿಸಬಹುದಾದರೆ ಅದೇ ಹೆಸರಿನಲ್ಲಿ ವಯಸ್ಸನ್ನು ಏರಿಸುವುದು ಇನ್ನೂ ಸುಲಭ. ರಾತ್ರಿಯ ಜಾಗರಣೆಯನ್ನು ದೇಹ ತಾಳುವ ಶಕ್ತಿ ವಯಸ್ಸಿನೊಂದಿಗೆ ಕುಗ್ಗುತ್ತದೆ ಎಂಬುದನ್ನು ಅರವತ್ತು ದಾಟಿದ ನನಗೆ ಯಾವ ವೈದ್ಯರೂ ಹೇಳಬೇಕಾಗಿಲ್ಲ.

ಅನುಭವದ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. 2009ರ ಜನವರಿಯಲ್ಲಿ ಎರಡೂ ಎಂಜಿನ್ ಸ್ತಬ್ಧವಾದ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ ಅದರಲ್ಲಿದ್ದ 155 ಮಂದಿಯನ್ನೂ ಉಳಿಸಿದ ಸಲೆನ್‌ಬರ್ಗರ್ ಅವರಿಗೆ ಆಗ 57 ವರ್ಷ. ಅಂಥವರನ್ನು 65ರ ನಂತರ ಮನೆಗೆ ಕಳುಹಿಸಬೇಕಾಗಿಲ್ಲ. ಸಿಮ್ಯುಲೇಟರ್ ಕೋಣೆಯಲ್ಲಿ ಕಿರಿಯರಿಗೆ ಕಲಿಸಲು ವಯಸ್ಸಿನ ತಡೆ ಏಕೆ ಬೇಕು?

ಹಾರಾಟಕ್ಕೆ ಮಾತ್ರ 65 ಸದ್ಯಕ್ಕೆ ಸಾಕು ಎಂಬುದು ನನ್ನ ಅಭಿಪ್ರಾಯ. ನಾಳೆ ಜಗತ್ತು 67ಕ್ಕೆ ಹೋದರೂ ಭಾರತ ಅದನ್ನು ಕಣ್ಣುಮುಚ್ಚಿ ನಕಲು ಮಾಡಬಾರದು. 65 ದಾಟಿದವರಿಗೆ ರಾತ್ರಿ ಪಾಳಿ ಇರಬಾರದು. ಅವರ ಪರೀಕ್ಷೆ ಕಂಪನಿಯ ನೆರಳಿನಿಂದ ದೂರವಿರುವ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂತಹ ಕಡೆಯೇ ನಡೆಯಬೇಕು. ಪಕ್ಕದಲ್ಲಿ ಕೂರುವವರು ಸಾಕಷ್ಟು ಹಾರಾಟದ ಅನುಭವ ಉಳ್ಳವರಾಗಿರಬೇಕು. ಇದಕ್ಕೆಲ್ಲ ಮೊದಲು, ವೈದ್ಯಕೀಯವಾಗಿ ಅನರ್ಹರಾದ ಪೈಲಟ್‌ಗಳ ಸಂಖ್ಯೆಯನ್ನು ವಯೋಮಾನವಾರು, ಆಯಾಸದ ಕುರಿತು ಪೈಲಟ್‌ಗಳು ಕೊಟ್ಟ ದೂರುಗಳನ್ನು ಕಂಪನಿವಾರು, ಡಿಜಿಸಿಎ ಪ್ರತಿ ವರ್ಷ ಸಂಸತ್ತಿನ ಮುಂದಿಡಬೇಕು. ಆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ 65ರ ಗೆರೆಯನ್ನು ಸರಿಸುವ ಮಾತಾಡಬಹುದು.