ಹಳೆಯ ಕಾರಿನ ಕರೆಂಟು ದೋಷ: ಹೊಸ ಬ್ಯಾಟರಿ ಕೊಳ್ಳುವ ಮೊದಲು

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ನಮ್ಮ ಬೆಳೆಗಾರ ಬಂಧುಗಳಲ್ಲಿ ಕೆಲವರ ಅಂಗಳದಲ್ಲಿ ಹಳೆಯ ಅಂಬಾಸಿಡರೋ, ಪದ್ಮಿನಿಯೋ, ಜೀಪೋ ಇಂದಿಗೂ ದುಡಿಯುತ್ತಿದೆ. ಪೇಟೆಗೆ ಅಡಿಕೆ ಒಯ್ಯುವುದಕ್ಕೂ, ಅಪರಾತ್ರಿ ಮನೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಅದೇ ಆಸರೆ. ಇಂಥ ಗಾಡಿ ಹಾನಗಲ್ ಕಡೆಯಿಂದ ಬಂದು, ಬಂಕಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿದ ಮೇಲೆ ಕತ್ತಲಲ್ಲಿ ದೀಪವಾರಿ ನಿಂತರೆ ಜೀವಕ್ಕೇ ಅಪಾಯ.

ಗಾಡಿ ಸ್ಟಾರ್ಟ್ ಆಗದಿದ್ದರೆ ಹೊಸ ಬ್ಯಾಟರಿ ತರುವುದು ಹಲವರ ರೂಢಿ. ಆದರೆ ಹಳೆಯ ಗಾಡಿಗಳಲ್ಲಿ ಬಹಳ ಸಲ ಕೆಟ್ಟಿರುವುದು ಬ್ಯಾಟರಿಯಲ್ಲ, ಜೋಡಣೆ. ಸಡಿಲಾದ ನಟ್ಟು, ಕಿಲುಬು ಹಿಡಿದ ತುದಿ, ತುಕ್ಕು ತಿಂದ ಅರ್ಥ್ ಪಟ್ಟಿ, ಇವನ್ನು ಮೊದಲು ನೋಡಬೇಕು.

ಕಾರಣವನ್ನು ತಿಳಿಯೋಣ. ಮನೆಯಲ್ಲಿರುವಂತೆ ಕಾರಿನಲ್ಲಿ ಕರೆಂಟು ಹೋಗಲು ಒಂದು, ಬರಲು ಒಂದು ವೈರು ಇರುವುದಿಲ್ಲ. ಹಿಂತಿರುಗುವ ದಾರಿ ಗಾಡಿಯ ಕಬ್ಬಿಣದ ಮೈಯೇ. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ಮೈಗೂ ಬೇರೆಯೇ ಪಟ್ಟಿ ಬೇಕು. ಈ ಪಟ್ಟಿಯ ಜೋಡಣೆಯಲ್ಲಿ 0.02 ಓಮ್‌ನಷ್ಟು ತಡೆ ಬಂದಿದೆ ಎನ್ನೋಣ. ಅದರ ಮೂಲಕ 10 ಆಂಪಿಯರ್ ಹರಿದರೆ ನಷ್ಟವಾಗುವುದು 0.2 ವೋಲ್ಟ್ ಮಾತ್ರ, ಯಾರಿಗೂ ತಿಳಿಯದು. ಆದರೆ ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯಹೋದಾಗ ಅಲ್ಲೇ 3 ವೋಲ್ಟ್ ಕಳೆದುಹೋಗುತ್ತದೆ. ಆದ್ದರಿಂದ ‘ಲೈಟು ಚೆನ್ನಾಗಿಯೇ ಉರಿಯುತ್ತದೆ, ಸೆಲ್ಫ್ ಮಾತ್ರ ಕಟ್ ಎಂದು ನಿಲ್ಲುತ್ತದೆ’ ಎಂಬ ದೂರು ಬಂದರೆ ಮೊದಲ ಅನುಮಾನ ಜೋಡಣೆಯ ಮೇಲಿರಲಿ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. 12 ವೋಲ್ಟಿನ ಬ್ರೇಕ್ ಲೈಟ್ ಬಲ್ಬು, ಹೋಲ್ಡರು, ಎರಡು ಮಾರು ವೈರು, ಒಂದು ಅಗ್ಗದ ಮೀಟರು ಸಾಕು. ಕ್ರಮ ಹೀಗಿರಲಿ:

1. ಬ್ಯಾಟರಿ: ಗಾಡಿ ಕೆಲವು ತಾಸು ನಿಂತಿದ್ದಾಗ ಮೀಟರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ; 11.8ರ ಆಸುಪಾಸಿಗೆ ಬಂದರೆ ಖಾಲಿ. ತುದಿಯಲ್ಲಿ ಬಿಳಿ-ಹಸಿರು ಪುಡಿ ಕಂಡರೆ ತುದಿಗಳನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯಬಾರದು.

2. ಅರ್ಥ್: ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿಯ ಅರ್ಥ್ ಕಡೆಯ ಕಂಬಕ್ಕೂ ಎಂಜಿನ್ನಿನ ಕಬ್ಬಿಣಕ್ಕೂ ಮೀಟರು ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿಯೇ ಕಳ್ಳ. ಅದರ ಎರಡೂ ತುದಿಗಳಲ್ಲಿ ಬಣ್ಣ, ತುಕ್ಕು ಕೆರೆದು ಬಿಗಿದರೆ ಎಷ್ಟೋ ಗಾಡಿಗಳಲ್ಲಿ ಕೆಲಸ ಮುಗಿಯುತ್ತದೆ.

3. ಚಾರ್ಜು: ಎಂಜಿನ್ನು ಜೋರಾಗಿ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಡೈನಮೊ ಇರುವ ಹಳೆಯ ಗಾಡಿ ನಿಧಾನವಾಗಿ ಓಡುವಾಗ ಚಾರ್ಜು ಮಾಡುವುದು ಕಡಿಮೆ. ಹೆಡ್‌ಲೈಟು ಹಾಕಿ ನಿಲ್ಲಿಸಿಕೊಂಡರೆ ಬ್ಯಾಟರಿ ಇಳಿಯುತ್ತದೆ. ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಫ್ಯಾನ್ ಬೆಲ್ಟ್ ನೋಡಬೇಕು. ಅಂಬಾಸಿಡರಿನಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಹರಿದ ಬೆಲ್ಟಿನಲ್ಲಿಯೇ ಓಡಿಸಿದರೆ ಎಂಜಿನ್ನೇ ಕಾಯ್ದು ಹಾಳಾಗುತ್ತದೆ.

4. ದೀಪ, ಹಾರ್ನು: ಬಲ್ಬಿನ ಒಂದು ವೈರನ್ನು ಮೈಗೆ ಕಟ್ಟಿ, ಇನ್ನೊಂದನ್ನು ಬ್ಯಾಟರಿ ಕಡೆಯಿಂದ ಹಂತಹಂತವಾಗಿ ಮುಟ್ಟಿಸುತ್ತ ಹೋಗಬೇಕು: ಫ್ಯೂಸಿನ ಈಚೆ, ಆಚೆ, ಸ್ವಿಚ್ಚು, ಕೊನೆಗೆ ಹೋಲ್ಡರು. ಬಲ್ಬು ಉರಿದ ಕೊನೆಯ ಜಾಗಕ್ಕೂ ಉರಿಯದ ಮೊದಲ ಜಾಗಕ್ಕೂ ನಡುವೆಯೇ ದೋಷವಿದೆ. ಒಂದೇ ಸಲ ಎರಡು ಮೂರು ಸಾಧನ ನಿಂತರೆ ಅವುಗಳ ಸಾಮಾನ್ಯ ಫ್ಯೂಸನ್ನು ಮೊದಲು ನೋಡಿ. ಹೋಲ್ಡರಿನವರೆಗೆ ಕರೆಂಟು ಬಂದಿದ್ದೂ ಬಲ್ಬು ಮಂದವಾದರೆ, ಅಲ್ಲಿಯ ಅರ್ಥನ್ನು ಶುದ್ಧ ಮಾಡಿ.

5. ನಿಂತಲ್ಲಿಯೇ ಇಳಿಯುವ ಬ್ಯಾಟರಿ: ಕೀಲಿ ತೆಗೆದು, ಅರ್ಥ್ ಕೇಬಲನ್ನು ಕಳಚಿ, ಕಂಬಕ್ಕೂ ಕೇಬಲಿಗೂ ನಡುವೆ ಪರೀಕ್ಷಾ ಬಲ್ಬನ್ನು ಹಿಡಿಯಿರಿ. ಅದು ಉರಿದರೆ ಎಲ್ಲಿಯೋ ಕರೆಂಟು ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದಾಗ ಯಾವುದಕ್ಕೆ ಬಲ್ಬು ಆರುತ್ತದೋ ಆ ಸಾಲಿನಲ್ಲಿ ಹುಡುಕಬೇಕು. ಯಾವುದಕ್ಕೂ ಆರದಿದ್ದರೆ ಫ್ಯೂಸಿಲ್ಲದ ಸಾಲನ್ನು, ಆಲ್ಟರ್ನೇಟರನ್ನು ಶಂಕಿಸಬೇಕು. ಮಳೆಗಾಲದಲ್ಲಿ ಇಲಿ ಕಡಿದ ವೈರನ್ನೂ ಮರೆಯಬೇಡಿ.

ಇನ್ನು ಮೂರು ಎಚ್ಚರಿಕೆಗಳು. ಬ್ಯಾಟರಿ ಕಳಚುವಾಗ ಅರ್ಥ್ ಕೇಬಲನ್ನು ಮೊದಲು ತೆಗೆದು, ಹಾಕುವಾಗ ಕೊನೆಗೆ ಹಾಕಬೇಕು. ಇಲ್ಲದಿದ್ದರೆ ಪಾನಾ ಮೈಗೆ ತಗುಲಿ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಸಲ್ಲದು. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ಕಂಬವೇ ಅರ್ಥ್ ಆಗಿರುತ್ತದೆ. ಬ್ಯಾಟರಿ ಬದಲಿಸುವ ಮೊದಲು ಇದನ್ನು ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಫ್ಯೂಸು ಸುಟ್ಟಿತೆಂದು ಸಿಗರೇಟಿನ ಬೇಗಡೆ ಸುತ್ತುವುದು, ದಪ್ಪ ತಂತಿ ಕಟ್ಟುವುದು ಖಂಡಿತ ಬೇಡ. ಫ್ಯೂಸು ಸುಡುವುದು ವೈರು ಸುಡದಿರಲಿ ಎಂದು. ಅದನ್ನು ಕಟ್ಟಿಹಾಕಿದರೆ ಮುಂದೆ ಹೊತ್ತಿಕೊಳ್ಳುವುದು ವೈರು, ಆ ಮೇಲೆ ಗಾಡಿ. ಅದೇ ಆಂಪಿಯರಿನ ಎರಡು ಫ್ಯೂಸುಗಳನ್ನೂ ಪರೀಕ್ಷಾ ಬಲ್ಬನ್ನೂ ಸದಾ ಗಾಡಿಯಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಇಷ್ಟು ನೋಡಿಯೂ ದೋಷ ಸಿಗದಿದ್ದರೆ ಬಲ್ಲ ಮಿಸ್ತ್ರಿಯ ಬಳಿ ಹೋಗಿ. ಎಲ್ಲೆಲ್ಲಿ ಬಲ್ಬು ಉರಿಯಿತು, ಎಲ್ಲಿ ಉರಿಯಲಿಲ್ಲವೆಂದು ಹೇಳಿದರೆ ಅವರ ಸಮಯವೂ ನಿಮ್ಮ ಹಣವೂ ಉಳಿದೀತು.