ಕೇಬಲ್ ದಾಟದ ಫೈಲುಗಳು

ಆಂಡ್ರಾಯ್ಡ್ ಟ್ಯಾಬ್ಲೆಟ್ಟನ್ನು ಉಬುಂಟುವಿನಂಥ ಲಿನಕ್ಸ್ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಪರದೆಯ ಲಾಕ್ ತೆಗೆದು, ಫೈಲ್ ವರ್ಗಾವಣೆಯ ಆಯ್ಕೆ ಒತ್ತಿದರೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಡಿಸಿಐಎಂ, ಡೌನ್‌ಲೋಡ್, ಡಾಕ್ಯುಮೆಂಟ್ಸ್ ಎಲ್ಲ ಸಾಲಾಗಿ ಕಾಣುತ್ತವೆ; ಎಳೆದು ಹಾಕಿಕೊಂಡರೆ ಬ್ಯಾಕಪ್ ಮುಗಿಯಿತೆಂದು ನಂಬುವುದು ಸಹಜ. ಆದರೆ ಅಲ್ಲಿ ಕಾಣುವುದು ತೋರಿಸಲು ಟ್ಯಾಬ್ಲೆಟ್ ಒಪ್ಪಿಕೊಂಡ ಪಟ್ಟಿ ಮಾತ್ರ. ಪೆನ್‌ಡ್ರೈವ್ ಚುಚ್ಚಿದಾಗ ನಡೆಯುವುದೇ ಬೇರೆ. ಅದು ತನ್ನ ಇಡೀ ಸಂಗ್ರಹವನ್ನು ಕಂಪ್ಯೂಟರಿನ ವಶಕ್ಕೆ ಒಪ್ಪಿಸಿಬಿಡುತ್ತದೆ. ಮೊದಮೊದಲ ಆಂಡ್ರಾಯ್ಡ್ ಸಾಧನಗಳೂ ಹೀಗೇ ಇದ್ದವು. ಆದರೆ ಒಂದೇ ಸಂಗ್ರಹದ ಮೇಲೆ ಎರಡು ಆಪರೇಟಿಂಗ್ ಸಿಸ್ಟಮ್‌ಗಳು ಏಕಕಾಲಕ್ಕೆ ಬರೆಯಹೊರಟರೆ ಫೈಲುಗಳ ಲೆಕ್ಕವೇ ಕೆಟ್ಟುಹೋಗುತ್ತದೆ. ಹಾಗಾಗಿ ಕೇಬಲ್ ಇರುವಷ್ಟು ಹೊತ್ತು ಆ ಭಾಗ ಆ್ಯಪ್‌ಗಳಿಗೆ ಸಿಗುತ್ತಿರಲಿಲ್ಲ. ಟ್ಯಾಬ್ಲೆಟ್‌ಗಳಿಗೆಂದೇ 2011ರಲ್ಲಿ ಬಂದ ಆಂಡ್ರಾಯ್ಡ್ 3.0 ಆ ಪದ್ಧತಿಯನ್ನು ಬಿಟ್ಟು ಎಂಟಿಪಿಗೆ, ಅಂದರೆ ಮೀಡಿಯಾ ಟ್ರಾನ್ಸ್‌ಫರ್ ಪ್ರೊಟೊಕಾಲಿಗೆ, ಹೊರಳಿತು. ಕ್ಯಾಮೆರಾಗಳಿಗಾಗಿ ಇದ್ದ ನಿಯಮಾವಳಿಯನ್ನು ಮೈಕ್ರೋಸಾಫ್ಟ್ ವಿಸ್ತರಿಸಿ ಕಟ್ಟಿದ್ದು ಇದು. ಚೀಟಿ ಬರೆದು ಕೊಟ್ಟರೆ ಸಿಬ್ಬಂದಿ ಒಳಗಿನಿಂದ ಪುಸ್ತಕ ತಂದುಕೊಡುವ ಗ್ರಂಥಾಲಯದ ಹಾಗೆ: ಕಪಾಟಿನ ಹತ್ತಿರ ನಿಮಗೆ ಪ್ರವೇಶವಿಲ್ಲ, ಪಟ್ಟಿಯಲ್ಲಿಲ್ಲದ ಪುಸ್ತಕ ಇದೆಯೆಂದೂ ಗೊತ್ತಾಗುವುದಿಲ್ಲ.

ಈ ಏರ್ಪಾಡಿನ ಸಣ್ಣಪುಟ್ಟ ಕಿರಿಕಿರಿಗಳನ್ನು ಲಿನಕ್ಸ್ ಬಳಕೆದಾರರು ಲಿನಕ್ಸ್‌ನ ತಲೆಗೇ ಕಟ್ಟುವುದುಂಟು. ಎಂಟಿಪಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ದೊಡ್ಡ ವಿಡಿಯೊ ಬರುತ್ತಿರುವಾಗ ಇನ್ನೊಂದು ಫೋಲ್ಡರ್ ತೆರೆಯಹೋದರೆ ಕಿಟಕಿ ಮರಗಟ್ಟಿ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೀಗೆ ನಕಲಾದ ಫೈಲಿನ ಮೇಲೆ ಎಷ್ಟೋ ಸಲ ಅದು ಹುಟ್ಟಿದ ದಿನದ ಬದಲು ನಕಲು ಮಾಡಿದ ದಿನಾಂಕ ಕೂತುಬಿಡುತ್ತದೆ. ಕ್ಯಾಮೆರಾ ತೆಗೆದ ಫೋಟೊದ ಒಳಗೇ ದಿನಾಂಕ ಅಡಗಿರುವುದರಿಂದ ಅದು ಬಚಾವು; ಸ್ಕ್ಯಾನ್ ಮಾಡಿದ ಪಿಡಿಎಫ್‌ಗೆ ಆ ಭಾಗ್ಯ ಪ್ರತಿ ಸಲವೂ ಇರುತ್ತದೆಂದಿಲ್ಲ. ಪರಿಹಾರವೂ ಇದೆ. ಬಿಲ್ಡ್ ನಂಬರಿನ ಮೇಲೆ ಏಳು ಬಾರಿ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿದರೆ, ಕಂಪ್ಯೂಟರಿನಲ್ಲಿ ಕೊಡುವ ‘ಎಡಿಬಿ ಪುಲ್ -ಎ’ ಆದೇಶ ಹಳೆಯ ದಿನಾಂಕಗಳನ್ನು ಉಳಿಸಿಯೇ ತರುತ್ತದೆ. ವೈಫೈ ಮೂಲಕವಾದರೆ 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ರೂಪಿಸಿದ ಆರ್‌ಸಿಂಕ್ ಇಂದಿಗೂ ಸವೆಯದ ಉಪಕರಣ. ಎರಡನೇ ಸಲದಿಂದ ಬದಲಾದದ್ದನ್ನಷ್ಟೇ ಸಾಗಿಸುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ತೊಡಕು. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಎಕ್ಸ್ಟ್4 ವ್ಯವಸ್ಥೆ ಫೈಲಿನ ಹೆಸರಿಗೆ ಕೊಡುವ ಜಾಗ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಶ್ರೀ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಶಕಾರ, ವಿರಾಮ, ರಕಾರ, ದೀರ್ಘ ಸೇರಿ ನಾಲ್ಕು ಸಂಕೇತ, 12 ಬೈಟ್. ಅಂದರೆ 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ಎಕ್ಸ್‌ಫ್ಯಾಟ್ ಮಾದರಿಯ ಎಸ್‌ಡಿ ಕಾರ್ಡು ಬೈಟ್ ಎಣಿಸದೆ ಸಂಕೇತ ಎಣಿಸುವುದರಿಂದ ಕನ್ನಡದಲ್ಲೂ 255ರವರೆಗೆ ಬಿಡುತ್ತದೆ. ಲೇಖನದ ಶೀರ್ಷಿಕೆಯನ್ನೇ ಇಡಿಯಾಗಿ ಹೆಸರಾಗಿಸಿಕೊಂಡ ಫೈಲನ್ನು ಅಂಥ ಕಾರ್ಡಿನಿಂದ ಲಿನಕ್ಸ್‌ಗೆ ನಕಲಿಸುವಾಗ ‘ಹೆಸರು ತೀರಾ ಉದ್ದ’ ಎಂಬ ದೂರು ಬಂದು, ಆ ಫೈಲು ಹಿಂದುಳಿಯುತ್ತದೆ.

ಇವೆಲ್ಲ ದಾಟಬಹುದಾದ ಅಡೆತಡೆಗಳು. ದಾಟಲಾಗದ ಗೋಡೆ ಆ್ಯಪ್‌ಗಳ ಖಾಸಗಿ ಜಾಗದ ಸುತ್ತ ಇದೆ. ಟಿಪ್ಪಣಿಗಳು, ಲೆಕ್ಕಪತ್ರ, ಸಂದೇಶಗಳನ್ನು ಬಹುತೇಕ ಆ್ಯಪ್‌ಗಳು ಅಲ್ಲೇ ಇಡುತ್ತವೆ. ಕೇಬಲಿನ ಕಿಟಕಿಯಲ್ಲಿ ಅದರ ಸುಳಿವೂ ಇಲ್ಲ. ಹಿಂದೆ ‘ಎಡಿಬಿ ಬ್ಯಾಕಪ್’ ಅಲ್ಲಿಗೂ ಒಂದಿಷ್ಟು ಕೈ ಹಾಕುತ್ತಿತ್ತು. ಆಂಡ್ರಾಯ್ಡ್ 12ಕ್ಕೆ ಹೊಂದಿಸಿದ ಆ್ಯಪ್‌ಗಳ ದತ್ತಾಂಶ ಅದಕ್ಕೆ ಸಿಗುವುದಿಲ್ಲ. ಕೆಲವೊಮ್ಮೆ ಫೈಲು ಸಿಕ್ಕರೂ ಉಪಯೋಗವಿಲ್ಲ. ವಾಟ್ಸ್‌ಆ್ಯಪನ್ನು ಟ್ಯಾಬ್ಲೆಟ್‌ನಲ್ಲೇ ಮುಖ್ಯ ಖಾತೆಯಾಗಿ ನಡೆಸುತ್ತಿದ್ದರೆ ಅದರ ಬ್ಯಾಕಪ್ ಫೈಲು ಹೊರಗಿನ ಫೋಲ್ಡರಿನಲ್ಲೇ ಇರುತ್ತದೆ, ಆದರೆ ಬೀಗದೊಳಗೆ. ಬೀಗದ ಕೀ ಮಾತ್ರ ಖಾಸಗಿ ಜಾಗದಲ್ಲಿ. ಲಿನಕ್ಸ್ ಎಷ್ಟೇ ಮುಕ್ತವಾಗಿದ್ದರೂ ಅಂಥ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಬಲ್ಲದೇ ಹೊರತು ಓದಲಾರದು. ಹಾಗಾಗಿ ಬ್ಯಾಕಪ್‌ನ ಅಸಲಿ ಕೆಲಸ ಕೇಬಲ್ ಸಿಕ್ಕಿಸುವ ಮೊದಲೇ, ಆಯಾ ಆ್ಯಪ್‌ನೊಳಗೇ ನಡೆಯಬೇಕು: ಟಿಪ್ಪಣಿಯನ್ನು ಸಾದಾ ಪಠ್ಯವಾಗಿ, ಲೆಕ್ಕವನ್ನು ಸಿಎಸ್‌ವಿಯಾಗಿ, ಸಂಪರ್ಕಗಳನ್ನು ವಿಸಿಎಫ್ ಆಗಿ ಹೊರತೆಗೆಯುವುದು. ಹೊರತೆಗೆಯಲು ಬಿಡದ ಆ್ಯಪ್‌ಗೆ ವರ್ಷಗಟ್ಟಲೆ ಬರಹ ಒಪ್ಪಿಸುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಗೋಡೆ ಇರುವುದು ಭದ್ರತೆಗಲ್ಲವೇ ಎಂದು ಕೇಳಬಹುದು. ನಿಜ, ಗೋಡೆ ಇಲ್ಲದಿದ್ದರೆ ಟಾರ್ಚ್ ಆ್ಯಪ್ ಕೂಡ ಬ್ಯಾಂಕಿನ ಆ್ಯಪ್ ಒಳಗೆ ಇಣುಕುತ್ತಿತ್ತು. ತಕರಾರು ಇರುವುದು ಕೀ ಯಾರ ಕೈಲಿದೆ ಎಂಬುದರ ಬಗ್ಗೆ. ವಾಟ್ಸ್‌ಆ್ಯಪ್ಪೇ 2021ರಿಂದ ಬ್ಯಾಕಪ್‌ಗೆ 64 ಅಂಕಿ-ಅಕ್ಷರಗಳ ಕೀಯನ್ನು ಬಳಕೆದಾರರ ಕೈಗೆ ಕೊಡುವ ಆಯ್ಕೆ ಇಟ್ಟಿದೆ. ಭದ್ರತೆಯೂ ಉಳಿದು ಒಡೆತನವೂ ಉಳಿಯಬಹುದು ಎನ್ನಲು ಅಷ್ಟು ಸಾಕು. ಗೂಗಲ್‌ನ ಕ್ಲೌಡ್ ಬ್ಯಾಕಪ್ ಇದೆಯಲ್ಲ ಎನ್ನುವವರಿಗೂ ಉತ್ತರವಿದೆ. ಅದರ ಸ್ವಯಂಚಾಲಿತ ಬ್ಯಾಕಪ್ ಆ್ಯಪ್ ಒಂದಕ್ಕೆ 25 ಎಂಬಿಯಷ್ಟೇ ಜಾಗ ಕೊಡುತ್ತದೆ, ಬೇಡವೆನ್ನುವ ಹಕ್ಕು ಆ್ಯಪ್ ಬರೆದವರಿಗಿದೆ, ಮತ್ತು ಅದು ಮರಳುವುದು ಇನ್ನೊಂದು ಆಂಡ್ರಾಯ್ಡಿಗೇ ಹೊರತು ಲಿನಕ್ಸ್‌ಗಲ್ಲ. ಹೊಸ ಟ್ಯಾಬ್ಲೆಟ್ ಕೊಳ್ಳುವವರಿಗೆ ಅನುಕೂಲ, ದಾಖಲೆ ಉಳಿಸಿಕೊಳ್ಳಬೇಕಾದವರಿಗೆ ಸಾಲದು.

ಆಮೇಲೆ ನೋಡಿಕೊಂಡರಾಯಿತು ಎನ್ನುವಂತೆಯೂ ಇಲ್ಲ. ಆಂಡ್ರಾಯ್ಡ್ 10ರೊಂದಿಗೆ ಬಂದ ಸಾಧನಗಳಿಂದೀಚೆಗೆ ಒಳಗಿನ ಸಂಗ್ರಹದ ಗೂಢಲಿಪೀಕರಣ ಕಡ್ಡಾಯ. ಫ್ಯಾಕ್ಟರಿ ರಿಸೆಟ್ ಕೊಟ್ಟಾಗ ಅದರ ಕೀ ನಾಶವಾಗುತ್ತದೆ; ಚಿಪ್‌ನಲ್ಲಿ ಹಳೆಯ ಬಿಟ್‌ಗಳು ಉಳಿದಿದ್ದರೂ ಅವನ್ನು ಓದಿ ಅರ್ಥ ಮಾಡಿಕೊಳ್ಳುವ ದಾರಿ ಮುಚ್ಚಿರುತ್ತದೆ. ಟ್ಯಾಬ್ಲೆಟ್ಟನ್ನು ಮಾರುವ ಮುನ್ನ ಅದನ್ನು ಸ್ವಿಚ್ ಆಫ್ ಮಾಡಿಟ್ಟು, ನಕಲಾದ ಟಿಪ್ಪಣಿ, ಪಟ್ಟಿ, ಫೋಟೊ ಒಂದೊಂದನ್ನೂ ಲಿನಕ್ಸ್‌ನಲ್ಲಿ ತೆರೆದು ನೋಡಬೇಕು. ತೆರೆಯದ ಫೈಲು ಯಾವುದೆಂದು ತಿಳಿಯುವ ಹೊತ್ತಿಗೆ ಟ್ಯಾಬ್ಲೆಟ್ ಇನ್ನೂ ಕೈಯಲ್ಲೇ ಇರುತ್ತದೆ.