ರಿಪೀಟರ್‌ಗೆ ಬೂಸ್ಟರ್ ಹಾಕುವ ಮುಂಚೆ ಫಿಲ್ಟರ್ ನೋಡಿ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಲ್ಲಿ ಕರೆಂಟೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಇಂಥ ಹೊತ್ತಲ್ಲಿ ಕೈ ಹಿಡಿಯೋದು ಹ್ಯಾಮ್ ರೇಡಿಯೊ. ಆದರೆ 5 ವ್ಯಾಟ್‌ನ ವಾಕಿಟಾಕಿ ದನಿ ಗುಡ್ಡ ದಾಟಲ್ಲ. ಎತ್ತರದಲ್ಲಿರುವ ರಿಪೀಟರ್ ಅದನ್ನು ಕೇಳಿಸಿಕೊಂಡು, ಅದೇ ಕ್ಷಣ ಜೋರಾಗಿ ಮತ್ತೆ ಬಿತ್ತರಿಸಬೇಕು. ರಿಪೀಟರ್‌ಗೇ ಕೇಳಿಸದಿದ್ದರೆ ಕಣಿವೆಯ ಕೂಗು ಕಣಿವೆಯಲ್ಲೇ ಉಳಿಯುತ್ತೆ.

"ದೂರದ ಸೆಟ್ ಕೇಳ್ತಿಲ್ಲ" ಅಂದ ಕೂಡಲೇ ಎಲ್ಲರಿಗೂ ಹೊಳೆಯೋದು ಪ್ರಿಆಂಪ್. ಹಳೇ ಟಿವಿ ಆಂಟೆನಾಗೆ ಹಾಕ್ತಿದ್ದ ಬೂಸ್ಟರ್ ಇದ್ದಂತೆ. ತಪ್ಪು ಜಾಗದಲ್ಲಿ ಹಾಕಿದರೆ ರಿಪೀಟರ್ ಇನ್ನಷ್ಟು ಕಿವುಡಾಗುತ್ತೆ.

ಕಲ್ಲು ಸೇರಿಸಿ ಬೀಸಬೇಡಿ

145 ಮೆಗಾಹರ್ಟ್ಸ್ ಆಸುಪಾಸಿನ ರಿಪೀಟರ್‌ನಲ್ಲಿ ಕೇಳುವ ಮತ್ತು ಬಿತ್ತರಿಸುವ ಅಲೆಗಳ ನಡುವೆ ಇರೋದು ಬರೀ 600 ಕಿಲೋಹರ್ಟ್ಸ್ ಅಂತರ. ಒಂದೇ ಆಂಟೆನಾದಲ್ಲಿ 25 ವ್ಯಾಟ್ ಹೊರಗೆ ಹೋಗ್ತಿರುವಾಗಲೇ, ಅದರ ಕೋಟಿ ಕೋಟಿಯಲ್ಲೊಂದು ಪಾಲಿಗಿಂತ ಸಣ್ಣ ಸಿಗ್ನಲ್ ಒಳಗೆ ಬರಬೇಕು. ಇವೆರಡನ್ನೂ ಬೇರ್ಪಡಿಸೋದು ಡುಪ್ಲೆಕ್ಸರ್. ಇದರ ಜೊತೆಗೆ ಎಫ್‌ಎಂ ಕೇಂದ್ರ, ಪಕ್ಕದ ಟವರ್‌ಗಳ ಗದ್ದಲವೂ ಉಂಟು.

ಪ್ರಿಆಂಪ್‌ಗೆ ನಮ್ಮವರು, ಹೊರಗಿನವರು ಎಂಬ ಭೇದ ತಿಳಿಯದು. ಬಂದದ್ದನ್ನೆಲ್ಲ ಹಿಗ್ಗಿಸುತ್ತೆ. ಜೋರಾದ ಎರಡು ಸಿಗ್ನಲ್ ಅದರೊಳಗೆ ಬೆರೆತರೆ ಹೊಸ ಅಲೆಗಳು ಹುಟ್ಟಿ, ನಮ್ಮ ಅಲೆಯ ಮೇಲೇ ಬಂದು ಕೂರಬಹುದು. ರಾಗಿಯನ್ನು ಕಲ್ಲಿನ ಸಮೇತ ಬೀಸಿಬಿಟ್ಟರೆ ಆಮೇಲೆ ಯಾವ ಜರಡಿಗೂ ಅದು ಸಿಗಲ್ಲ. ಇದೂ ಹಾಗೆಯೇ.

ಆದ್ದರಿಂದ ಸಾಲು ಹೀಗಿರಲಿ: ಆಂಟೆನಾ, ಡುಪ್ಲೆಕ್ಸರ್, ಬ್ಯಾಂಡ್‌ಪಾಸ್ ಫಿಲ್ಟರ್, ಪ್ರಿಆಂಪ್, ಕೊನೆಗೆ ರಿಸೀವರ್. ಆಂಟೆನಾ ಮತ್ತು ಡುಪ್ಲೆಕ್ಸರ್ ನಡುವೆ ಪ್ರಿಆಂಪ್ ಹಾಕಿದರೆ ರಿಪೀಟರ್‌ನ ಸ್ವಂತ ಪವರ್‌ಗೇ ಅದು ಸುಟ್ಟುಹೋಗುತ್ತೆ.

ಫಿಲ್ಟರ್‌ಗೂ ಬೆಲೆ ಕಟ್ಟಬೇಕು

ಪ್ರಿಆಂಪ್‌ಗಿಂತ ಮುಂಚೆ ಕಳೆದುಹೋದದ್ದು ಮತ್ತೆ ಸಿಗಲ್ಲ. 1 ಡೆಸಿಬೆಲ್ ನಷ್ಟ ಅಂದರೆ ಬಂದ ಸಿಗ್ನಲ್‌ನ ಐದರಲ್ಲೊಂದು ಪಾಲು ಹೋದಂತೆ. ಹಾಗಾಗಿ ಮುಂದೆ ಇರಬೇಕಾದ್ದು ಕಡಿಮೆ ನಷ್ಟದ ಕ್ಯಾವಿಟಿ ಫಿಲ್ಟರ್. ಹೆಚ್ಚು ನಷ್ಟದ, ಇನ್ನೂ ಬಿಗಿಯಾದ ಫಿಲ್ಟರ್ ಬೇಕಿದ್ದರೆ ಅದು ಪ್ರಿಆಂಪ್‌ನ ಹಿಂದೆ ಇರಲಿ. ಪ್ರಿಆಂಪ್ 20 ಡೆಸಿಬೆಲ್ ಹಿಗ್ಗಿಸುವಂಥದ್ದಾದರೆ ರಿಸೀವರ್ ತಬ್ಬಿಬ್ಬಾಗಬಹುದು. ಅಟೆನ್ಯುಯೇಟರ್ ಹಾಕಿ ಇಳಿಸಿಕೊಳ್ಳಿ.

ಮೊದಲು ಈ ಪರೀಕ್ಷೆ

ದುಡ್ಡು ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ದೂರದಿಂದ ಒಬ್ಬರು ಮಾತಾಡಲಿ, ದನಿ ಸುಯ್‌ ಅನ್ನುವಷ್ಟು ಕ್ಷೀಣವಾಗಿರಲಿ. ಗುಡ್ಡದ ಮೇಲೆ ರಿಸೀವರ್ ಪಕ್ಕ ನಿಂತವರು ಅದನ್ನು ಕೇಳುತ್ತಾ ರಿಪೀಟರ್‌ನ ಟ್ರಾನ್ಸ್‌ಮಿಟರ್ ಮಾತ್ರ ಆಫ್ ಮಾಡಿ, ಮತ್ತೆ ಆನ್ ಮಾಡಲಿ. ಆನ್ ಆದಾಗ ದನಿ ಮುಳುಗಿದರೆ ಸಮಸ್ಯೆ ಇರೋದು ಡುಪ್ಲೆಕ್ಸರ್ ಟ್ಯೂನಿಂಗ್‌ನಲ್ಲೋ, ಕೇಬಲ್‌ನಲ್ಲೋ, ಸಡಿಲವಾದ ಕನೆಕ್ಟರ್‌ನಲ್ಲೋ. ಅದನ್ನು ಪ್ರಿಆಂಪ್ ವಾಸಿ ಮಾಡಲ್ಲ, ಹೆಚ್ಚು ಮಾಡುತ್ತೆ.

ಈ ಪರೀಕ್ಷೆ ಬೇಸಿಗೆಯಲ್ಲೇ ಮುಗಿಯಲಿ. ಮಳೆ ಹಿಡಿದ ಮೇಲೆ ಗುಡ್ಡ ಹತ್ತೋದು ಸುಲಭ ಅಲ್ಲ.